ಹೇಳಿದ ದಿನಕ್ಕೆ ಸಿಕ್ಕ ಬಟ್ಟೆ

ನಮ್ಮಣ್ಣ ಈರಣ್ಣ ಹೇಳಿದ ದಿನಕ್ಕೆ ಬಟ್ಟೆ ಹೊಲಿದು ಕೊಟ್ಟವನೇ ಅಲ್ಲ. ಯಶವಂತಪುರದ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಅವನದು ಒಂದೇ ಮಿಷಿನ್ನಿನ ಅಂಗಡಿ. ಕೊರಳಲ್ಲಿ ಟೇಪು, ತುಟಿಯಲ್ಲಿ ಗುಂಡುಸೂಜಿ. ಯಾರೇ ಬಂದು ಕೇಳಲಿ, "ಆಗೇತ್ರೀ, ಕಾಜಾ-ಗುಂಡಿ ಅಷ್ಟ ಉಳದೈತಿ. ಸಂಜೀಕ ಬರ್ರಿ" ಅನ್ನುತ್ತಿದ್ದ. ಆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರುತ್ತಿರಲಿಲ್ಲ.

ಬಾದಾಮಿ ಕಡೆಯಿಂದ ಬಂದ ನಾವಿಬ್ಬರೂ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದೆವು. ನನಗೆ ಕಾರ್ಖಾನೆಯಲ್ಲಿ ಕೆಲಸ. ಹಬ್ಬದ ಹಿಂದಿನ ಸಂಜೆ ಮನೆಗೆ ಬಂದರೆ ಒಳಗೆ ಹೋಗಲು ದಾರಿ ಇರುತ್ತಿರಲಿಲ್ಲ, ಅಷ್ಟು ಜನ. ರೈಲ್ವೆ ಗುಮಾಸ್ತ ರಾಮಮೂರ್ತಿಯವರದೇ ಜೋರು ದನಿ.

"ಏನ್ ಮಾಸ್ಟ್ರೇ, ಮಗನ ನಾಮಕರಣಕ್ಕೆ ಕೊಟ್ಟ ಬಟ್ಟೆ ಅವನ ಮದುವೆಗಾದ್ರೂ ಸಿಗುತ್ತಾ?"

"ಸಿಗತೈತ್ರೀ. ಹುಡುಗ ಬೆಳೀತಾನಂತ ಒಂದೀಟು ಬಟ್ಟಿ ಒಳಗ ಮಡಚೇನಿ."

ಬೈಯಲು ಬಂದವರು ನಗುತ್ತ ಹೋಗುತ್ತಿದ್ದರು. ಮತ್ತೆ ಬರುತ್ತಿದ್ದರು.

ಎದುರಿಗೆ ಒಂದು ಹೋಟೆಲಿತ್ತು. ಮಾಲೀಕ ಮಹಾ ಸಿಡುಕ. ಎರಡನೇ ಸಲ ಸಾಂಬಾರ್ ಕೇಳಿದರೆ ಮುಖ ಗಂಟಿಕ್ಕುವವನು. ಒಂದು ದಿನ ನಾವಿಬ್ಬರೂ ಊಟಕ್ಕೆ ಹೋದಾಗ ಆತ ತಾನೇ ಬಕೆಟ್ ಹಿಡಿದು ಬಂದು, ಕೇಳದೆಯೇ ಬಡಿಸಿ, "ಉಪ್ಪು ಖಾರ ಸರಿಯಾಗಿದ್ಯಾ ಸಾರ್?" ಎಂದು ವಿಚಾರಿಸಿದ. ನನಗೆ ಖುಷಿಯಾಯಿತು. ಹೊರಗೆ ಬಂದ ಮೇಲೆ ಅಣ್ಣ, "ಈ ಹೋಟೆಲ್ ಮುಗೀತು, ತಮ್ಮಾ" ಎಂದ. "ಮಾಲಕಗ ಪುರಸೊತ್ತು ಸಿಕ್ಕೈತಿ. ಮುಚ್ಚೂ ಅಂಗಡಿಗೆ ಮೊದಲು ಬರೂ ಜ್ವರ ಅದು."

ನಾನು ನಕ್ಕುಬಿಟ್ಟೆ. ಮುಂದಿನ ಬೇಸಿಗೆಗೆ ಅಲ್ಲಿ ಸೈಕಲ್ ಅಂಗಡಿ ಬಂದಿತ್ತು.

ಎಂಬತ್ತರ ದಶಕದಲ್ಲಿ ಬಸ್ ಸ್ಟ್ಯಾಂಡಿನ ಸುತ್ತ ರೆಡಿಮೇಡ್ ಅಂಗಿಗಳು ತೂಗಾಡತೊಡಗಿದವು. ಅಣ್ಣ ಅವುಗಳ ಮಾತೆತ್ತುತ್ತಿರಲಿಲ್ಲ. ನಾನು ಬರುವ ಹೊತ್ತಿಗೆ ಮಿಷಿನ್ನಿನ ಸದ್ದು ಎಂದಿನಂತೆ ಕೇಳುತ್ತಿತ್ತು, ನಾನೂ ಬೇರೇನೂ ಯೋಚಿಸಲಿಲ್ಲ. ಒಂದು ದೀಪಾವಳಿಯ ಹಿಂದಿನ ಸಂಜೆ ಬಂದರೆ ಅಂಗಡಿ ಮುಂದೆ ರಾಮಮೂರ್ತಿಯವರೊಬ್ಬರೇ ನಿಂತಿದ್ದರು. ಇಸ್ತ್ರಿ ಮಾಡಿದ ಬಟ್ಟೆಯ ಪೊಟ್ಟಣ ಅವರ ಕೈಯಲ್ಲಿತ್ತು.

"ಹೇಳಿದ್ ದಿನಾನೇ ಕೊಟ್ಬಿಟ್ರಲ್ರೀ! ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ ಇವತ್ತು? ಕೊನೆಗೂ ಸುಧಾರಿಸಿದ್ರಿ ಕಣ್ರೀ!"

ಅಣ್ಣನೂ ನಕ್ಕ. ನಾನು ಒಳಗಿನ ಹಲಗೆಯತ್ತ ನೋಡಿದೆ, ಅದು ಖಾಲಿಯಿತ್ತು. ಅವರು ಹೋದ ಮೇಲೆ ಕೇಳಿದೆ.

"ಅಣ್ಣಾ, ಉಳಿದ ಬಟ್ಟಿ ಎಲ್ಲಿ?"

"ಇಷ್ಟ ನೋಡು. ಶ್ರಾವಣದಿಂದ ಹಿಂಗ ಐತಿ."

"ನಾ ಬಂದಾಗೆಲ್ಲ ಮಿಷಿನ್ ನಡೀತಿತ್ತಲ್ಲ?"

ಅವನು ಟೇಪನ್ನು ಸುತ್ತಿ ಪಕ್ಕಕ್ಕಿಟ್ಟ. "ದಾರ ಇಲ್ಲದ ತುಳೀತಿದ್ದೆ. ಸಪ್ಪಳ ನಿಂತರ ನೀ ಕೇಳತಿದ್ದಿ."

ಗೋಡೆಯ ಆಚೆ ಮಲಗುತ್ತಿದ್ದ ನನಗೇ ಗೊತ್ತಾಗಿರಲಿಲ್ಲ. ಎದುರಿನ ಹೋಟೆಲಿನ ಜ್ವರ ಗುರುತಿಸಿದವನು ತನ್ನದನ್ನು ಎಷ್ಟು ದಿನ ಮೊದಲೇ ಗುರುತಿಸಿದ್ದನೋ. ಜನ ಬೈಯುತ್ತಿದ್ದಷ್ಟು ಕಾಲ ಅಂಗಡಿ ಗಟ್ಟಿಯಾಗಿತ್ತು ಎಂಬುದು ನನಗೆ ಅಂದು ಹೊಳೆಯಿತು. ಹೊಳೆದು ಏನು ಬಂತು.

ಯುಗಾದಿಗೆ ಮೊದಲೇ ಅಂಗಡಿ ಬಿಟ್ಟು ಅಲ್ಲೇ ಹತ್ತಿರ ಒಂದು ಕೋಣೆ ಹಿಡಿದೆವು. ಅಣ್ಣ ಗೊರಗುಂಟೆಪಾಳ್ಯದ ಕಡೆ ಒಂದು ಗಾರ್ಮೆಂಟ್ಸ್ ಸೇರಿದ. ದಿನವಿಡೀ ಅಂಗಿಗೆ ಎಡತೋಳು ಕೂಡಿಸುವುದೊಂದೇ ಕೆಲಸ.

"ಬಲಗೈ ಯಾರು ಹಚ್ಚತಾರೋ ಗೊತ್ತಿಲ್ಲ" ಎಂದು ಒಂದು ಭಾನುವಾರ ರೊಟ್ಟಿ ಮುರಿಯುತ್ತ ಹೇಳಿದ. "ಅಲ್ಲಿ ಸೇರಿದ ಮ್ಯಾಲೆ ಪೂರಾ ಅಂಗಿ ನಾ ಕಣ್ಣಿಲೆ ನೋಡಿಲ್ಲೋ."

ಅದೇ ವಾರ ಕೆಲಸದ ನಡುವೆ ಎದೆನೋವು ಬಂತಂತೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನಿರಲಿಲ್ಲ.

ಮನೆಗೆ ತಂದು, ಸ್ನಾನ ಮಾಡಿಸಲು ಅಂಗಿ ಬಿಚ್ಚಿದೆ. ಕಾಲರಿನ ಒಳಗೆ ಯಾವುದೋ ಕಂಪನಿಯ ಲೇಬಲ್ ಇತ್ತು. ರೆಡಿಮೇಡ್ ಅಂಗಿ. ಯಾವಾಗ ಕೊಂಡಿದ್ದನೋ, ನನಗೆ ಹೇಳಿರಲಿಲ್ಲ.

ನಾನು ತೊಟ್ಟಿದ್ದದ್ದು ಅವನು ಹೊಲಿದ ಅಂಗಿ.