ನಾಲ್ಕನೆಯ ಡಿಸ್ಕು ಮತ್ತು ಕಾಕಾರ ಮೇನ್ ಸ್ವಿಚ್ಚು

ಜಾಗ ಸಾಲದು ಎಂಬ ಮಾತು ನಮ್ಮ ಮನೆತನಕ್ಕೆ ಹೊಸದಲ್ಲ. ಸೋಲಾಪುರದ ನಮ್ಮ ಚಾದರದ ಅಂಗಡಿಯಲ್ಲಿ ಕಪಾಟು ತುಂಬಿದರೆ ಮಾಳಿಗೆ, ಮಾಳಿಗೆ ತುಂಬಿದರೆ ಮೆಟ್ಟಿಲು ಎಂದು ಸರಕು ಏರುತ್ತಲೇ ಬಂದಿದೆ. ಅಂಗಡಿಯ ಕಂಪ್ಯೂಟರೂ ಹಾಗೆ ಗೊಣಗುತ್ತದೆಂದು ಮಾತ್ರ ನಾನು ಎಣಿಸಿರಲಿಲ್ಲ. ಅದರಲ್ಲಿದ್ದ ಮೂರು ಡಿಸ್ಕುಗಳನ್ನು ರೇಡ್ ಎಂಬ ಏರ್ಪಾಡಿನಲ್ಲಿ ನಾನೇ ಜೋಡಿಸಿದ್ದೆ. ದೊಡ್ಡ ವಿದ್ಯೆಯೇನಲ್ಲ. ಕೊಟ್ಟದ್ದನ್ನು ಮೂರೂ ಹಂಚಿಕೊಂಡು ಇಟ್ಟುಕೊಳ್ಳುತ್ತವೆ. ಒಂದು ಕೆಟ್ಟು ಕೂತರೆ ಉಳಿದೆರಡು ಸೇರಿ ಅದರಲ್ಲಿದ್ದದ್ದನ್ನು ಒಪ್ಪಿಸುತ್ತವೆ. ಇದಕ್ಕೆಂದೇ ದುಬಾರಿ ಯಂತ್ರಗಳು ಸಿಗುತ್ತವಂತೆ. ನಾವು ವ್ಯಾಪಾರಸ್ಥರು. ಮದರ್‌ಬೋರ್ಡಿನ ಜೊತೆಗೇ ಡಿಸ್ಕುಗಳನ್ನು ನಡೆಸುವ ಕಂಟ್ರೋಲರ್ ಪುಕ್ಕಟೆ ಬಂದಿರುವಾಗ ಬೇರೆಯದನ್ನು ಕೊಳ್ಳುವ ಜಾತಿಯಲ್ಲ.

ಆ ಡಿಸ್ಕುಗಳಲ್ಲಿದ್ದದ್ದು ಕಾಕಾರ ಡಿಸೈನುಗಳು. ಕಾಕಾ ಎಂದರೆ ನನ್ನ ತಂದೆಯ ತಮ್ಮ. ಚೌಕಳಿ ಕಾಗದದ ಮೇಲೆ ಒಂದೊಂದು ಚೌಕಕ್ಕೂ ಬಣ್ಣ ತುಂಬಿ ಚಾದರದ ನವಿಲು, ಕಮಲ, ಅಂಚು ಎಲ್ಲ ಬರೆದವರು. ಈಗ ಕೈ ನಡುಗುತ್ತದೆ, ಕಣ್ಣು ಮಂಜು. ಕಾಗದಗಳನ್ನು ಗೆದ್ದಲು ತಿಂದು ಮುಗಿಸಿದೆ. ಅದಕ್ಕೂ ಮುಂಚೆ ನಾನು ಸ್ಕ್ಯಾನ್ ಮಾಡಿಟ್ಟದ್ದಷ್ಟೇ ಉಳಿದಿದೆ. ಅದೂ ಹೋದರೆ ಮತ್ತೆ ಬರೆಯುವವರಿಲ್ಲ.

ನಾಲ್ಕನೆಯ ಡಿಸ್ಕನ್ನು ತಂದು ಸಿಕ್ಕಿಸುವುದು ಸುಲಭ, ಒಗ್ಗಿಸುವುದು ಕಷ್ಟ. ಹೊಸ ಸೊಸೆ ಬಂದಾಗ ಮನೆಯವರೆಲ್ಲರ ಟ್ರಂಕೂ ಜಾಗ ಬದಲಿಸುವಂತೆ, ಇದ್ದದ್ದನ್ನೆಲ್ಲ ಎತ್ತಿ ನಾಲ್ಕರಲ್ಲಿ ಮರುಹಂಚಬೇಕು. ಪುಕ್ಕಟೆ ಕಂಟ್ರೋಲರ್ ಈ ಕೆಲಸವನ್ನು ದಿನಗಟ್ಟಲೆ ಮಾಡುತ್ತದೆ. ಬೇರೆ ಕಡೆ ಪ್ರತಿ ಇಟ್ಟುಕೊಂಡಿದ್ದೀರಾ ಎಂದು ಪರದೆ ಕೇಳಿತು. ಅಷ್ಟು ಜಾಗ ಬೇರೆ ಕಡೆ ಇದ್ದಿದ್ದರೆ ನಿನ್ನ ಗೊಡವೆ ನನಗೇಕೆ ಎಂದುಕೊಂಡು ‘ಹೌದು’ ಒತ್ತಿದೆ. ಮೇನ್ ಸ್ವಿಚ್ಚಿಗೆ, ಬಂದ್ ಮಾಡಬಾರದೆಂದು ಮರಾಠಿಯಲ್ಲಿ ಬರೆದ ಚೀಟಿ ಅಂಟಿಸಿ, ಸಂಜೆಯ ಬಸ್ಸಿಗೆ ಅಕ್ಕಲಕೋಟೆಯ ನನ್ನ ಮನೆಗೆ ಹೊರಟೆ.

ಬಸ್ಸು ಅರ್ಧ ದಾರಿ ದಾಟಿದ ಮೇಲೆ ನೆನಪಾಯಿತು, ಅಂಗಡಿಗೆ ಬೀಗ ಹಾಕುವವರು ಕಾಕಾ, ಚೀಟಿ ಅವರ ಕಣ್ಣಿಗೆ ಕಾಣದು. ಬಟ್ಟೆ ವ್ಯಾಪಾರದವರಿಗೆ ಕಳ್ಳನಿಗಿಂತ ಬೆಂಕಿಯ ಭಯ ಹೆಚ್ಚು. ಊದಿನಕಡ್ಡಿ ಪೂರ್ತಿ ಆರಿದೆಯೇ ನೋಡಿ, ಗಲ್ಲಾಪೆಟ್ಟಿಗೆಗೆ ಕೈ ಮುಗಿದು, ಮೇನ್ ಬಂದ್ ಮಾಡಿ, ಬೀಗ ಎಳೆದು ನೋಡುವುದು ಅವರಿಗೆ ಪೂಜೆಯಷ್ಟೇ ನೇಮದ ಕೆಲಸ. ಫೋನ್ ಮಾಡಿದೆ.

“ಕಾಕಾ, ಮೇನ್ ಚಾಲೂ ಇಟ್ಟೀರಿ ಹೌದಿಲ್ರಿ?”

“ಎಂದಾರ ಇಟ್ಟೀನೇನು? ಬಂದ್ ಮಾಡೇ ಮನಿಗಿ ಬಂದೀನಿ.”

“ಅದಕ್ಕ ಚೀಟಿ ಹಚ್ಚಿದ್ನೆಲ್ರಿ.”

“ಕೈಗಿ ಏನೋ ಕಾಗದ ಹತ್ತಿತು. ಕಾಗದಕ್ಕ ಲಗೂ ಬೆಂಕಿ ಹತ್ತತದ ಅಂತ ಕಿತ್ತು ಒಗದೀನಿ.”

ಟ್ರಂಕುಗಳೆಲ್ಲ ಅರ್ಧ ಹೊಸಿಲ ಒಳಗೆ, ಅರ್ಧ ಹೊರಗೆ ನಿಂತಿರುವಾಗ ದೀಪ ಆರಿಸಿದಂತಾಗಿತ್ತು. ಕಾಕಾರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರು ಮಾಡಿದ್ದರಲ್ಲಿ ತಪ್ಪು ಸಿಗಲಿಲ್ಲ. ಅಂಗಡಿ ಇಷ್ಟು ವರ್ಷ ಸುಡದೆ ಉಳಿದದ್ದು ಆ ಕೈಯಿಂದಲೇ.

ಬೆಳಿಗ್ಗೆ ಇಬ್ಬರೂ ಕೂಡಿ ಬೀಗ ತೆಗೆದೆವು. ಏನು ಹೋಗಿರಬಹುದು ಎಂಬುದನ್ನು ಅವರಿಗೆ ಹೇಳಿದೆ. ಅವರೇ ಹೋಗಿ ಮೇನ್ ಚಾಲೂ ಮಾಡಿದರು. ಪರದೆ ಬಹಳ ಹೊತ್ತು ಯೋಚಿಸಿ, ನಿಲ್ಲಿಸಿದ ಕಡೆಯಿಂದ ಮುಂದುವರಿಸುತ್ತಿದ್ದೇನೆ ಎಂದಿತು. ಪುಕ್ಕಟೆ ಬಂದದ್ದಕ್ಕೆ ಅಷ್ಟು ಮರ್ಯಾದೆ ಇರುತ್ತದೆಂದು ನಾನು ತಿಳಿದಿರಲಿಲ್ಲ.

“ಕರೆಂಟ್ ಚಾಲೂ ಇದ್ದ ಮ್ಯಾಲ ಅಂಗಡ್ಯಾಗ ಮನಷ್ಯಾ ಇರಬೇಕು,” ಎಂದರು ಕಾಕಾ. ಕೆಲಸ ಮುಗಿಯುವವರೆಗೂ ಮನೆಯಿಂದ ಬುತ್ತಿ ತರಿಸಿಕೊಂಡು, ಚಾದರದ ಗಂಟಿನ ಮೇಲೆ ಅಲ್ಲೇ ಮಲಗಿದರು.

ಎಲ್ಲ ಸರಿಹೋದ ಮೇಲೆ ಡಿಸೈನುಗಳನ್ನು ಅವರ ಕಣ್ಣಿಗೆ ನಿಲುಕುವಷ್ಟು ದೊಡ್ಡದು ಮಾಡಿ ತೋರಿಸಿದೆ. ಸಂತೋಷಪಡುತ್ತಾರೆಂದು ಕಾದೆ. ಪರದೆಗೆ ಮುಖ ಹಚ್ಚಿ ನೋಡುತ್ತಿದ್ದವರು ಒಂದು ನವಿಲಿನ ಹತ್ತಿರ ನಿಂತರು.

“ಇದರ ಕುತ್ತಿಗಿ ಡೊಂಕ ಬಿದ್ದದ ನೋಡು. ಹಂಗs ನೇಯಿಸಿ ಊರ ತುಂಬ ಮಾರೀವಿ. ಇದನ್ನ ಅಳಸು.”

“ಇರಲಿ ಬಿಡ್ರಿ ಕಾಕಾ. ಈಗ ಜಾಗಾ ಭಾಳ ಅದ.”

“ಜಾಗಾ ಅದ ಅಂತ ತಪ್ಪ ಇಟ್ಕೋತಾರೇನು? ಅಳಸಪಾ.”

ಡಿಸ್ಕು ಕೆಟ್ಟರೆ ಕಾಯುವ ಏರ್ಪಾಡು ಇದು. ಬರೆದವನೇ ಬೇಡವೆಂದರೆ ಅದರ ಬಳಿ ಯಾವ ಉಪಾಯವೂ ಇಲ್ಲ, ನನ್ನ ಬಳಿಯೂ ಇರಲಿಲ್ಲ. ಬೇಸರದಿಂದಲೇ ಅಳಿಸಿದೆ. ಇಷ್ಟು ದಿನ ಒಂದಕ್ಕೊಂದು ಒಗ್ಗಲು ಒದ್ದಾಡಿದ ನಾಲ್ಕು ಡಿಸ್ಕುಗಳೂ ಆ ನವಿಲನ್ನು ಒಮ್ಮೆಲೇ, ತಕರಾರಿಲ್ಲದೆ ಬಿಟ್ಟುಕೊಟ್ಟವು. ಕಾಕಾ ಹಗುರಾಗಿ ಹಿಂದಕ್ಕೆ ಒರಗಿದರು.

“ಹಾಂ, ಈಗ ಮುಂದಿನ ಡಿಸೈನ್ ತೋರಸು,” ಎಂದರು.