ಹತ್ತನೇ ವ್ಯಾಟ್

ಬೀದಿಯ ಮಕ್ಕಳು ಅವನಿಗೆ ಫ್ಯೂಸ್ ಮಾಮ ಎಂದು ಹೆಸರಿಟ್ಟಿದ್ದವು. ಇಪ್ಪತ್ತೆರಡು ವರ್ಷ ಲೈನ್‌ಮನ್ ಆಗಿದ್ದವನು. ಯಾರ ಮನೆಯ ದೀಪ ಹೋದರೂ ಊಟ ಬಿಟ್ಟು ಎದ್ದು ಬರುತ್ತಿದ್ದ, ಬಂದವನು ಆ ಮನೆಯ ವೈರಿಂಗಿಗೆ ನಾಲ್ಕು ಬೈದೇ ಹೋಗುತ್ತಿದ್ದ. ಸತ್ತ ತಂತಿ ಅಂತ ಯಾವುದೂ ಇಲ್ಲ, ಪರೀಕ್ಷೆ ಮಾಡದ ತಂತಿ ಅಂತ ಮಾತ್ರ ಇದೆ ಎನ್ನುವುದು ಅವನ ವೇದ. ಹೊಸಬರಿಗೆಲ್ಲ ಅದನ್ನೇ ಕಂಠಪಾಠ ಮಾಡಿಸಿದವನು ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ಲೈನ್ ಆಫ್ ಮಾಡಿಸಿದ್ದೇನಲ್ಲ ಎಂಬ ಧೈರ್ಯದ ಮೇಲೆ ಪರೀಕ್ಷೆ ಮಾಡದೆ ಕಂಬ ಹತ್ತಿದ. ಯಾವುದೋ ಅಂಗಡಿಯ ಜನರೇಟರ್ ಆ ಆಫ್ ಆದ ಲೈನಿಗೆ ಹಿಂದಿನಿಂದ ಕರೆಂಟು ನೂಕಿತು. ಕರೆಂಟು ಅವನನ್ನು ಕೊಲ್ಲಲಿಲ್ಲ, ಕೆಳಗೆ ಬೀಳಿಸಿತು ಅಷ್ಟೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗಿನದೆಲ್ಲ ಅವನ ಪಾಲಿಗೆ ಯಾರದೋ ಮೈಯಾಯಿತು.

ಇಂಥವನ ಮನೆಗೆ ಪುನರ್ವಸತಿ ಕೇಂದ್ರದಿಂದ ಒಂದು ಸೈಕಲ್ ಬಂತು. ಸೀಟಿಲ್ಲ, ಚಕ್ರವಿಲ್ಲ, ಎರಡು ಪೆಡಲ್, ಅವನ್ನು ತಿರುಗಿಸಲು ನೆರವಾಗುವ ಸಣ್ಣ ಮೋಟಾರು ಮತ್ತು ಒಂದು ಪರದೆ. ಗಾಲಿಕುರ್ಚಿಯನ್ನು ಅದರ ಮುಂದೆ ಎಳೆದು, ಪಾದಗಳನ್ನು ಪೆಡಲ್ಲಿಗೆ ಬಿಗಿದು, ತೊಡೆಗಳಿಗೆ ಅಂಟುಪಟ್ಟಿ ಅಂಟಿಸಿ ಸಣ್ಣಗೆ ಕರೆಂಟು ಬಿಟ್ಟರೆ ಸ್ನಾಯು ತಾನಾಗಿ ಬಿಗಿದು ಕಾಲು ತುಳಿಯುತ್ತಿತ್ತು. ಕೆಡವಿದವನೇ ಬಂದು ಕೈ ಹಿಡಿದು ಎಬ್ಬಿಸ್ತಿದ್ದಾನೆ ನೋಡು ಎಂದು ಲೈನ್‌ಮನ್ ಹೆಂಡತಿಯ ಹತ್ತಿರ ನಕ್ಕ.

ಸೈಕಲ್ಲಿನ ಜೊತೆ ಬಂದ ಫಿಸಿಯೋಥೆರಪಿ ಮೇಡಂ ಅಡ್ಡಗೋಡೆಯ ಮೇಲೆ ದೀಪ ಇಡುವ ಹೆಂಗಸಲ್ಲ. ಇದರಿಂದ ನೀವು ನಡೆಯೋದಿಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟರು. ಸ್ನಾಯು ಸ್ವಲ್ಪ ತುಂಬಿಕೊಳ್ಳುತ್ತದೆ, ಎದೆಗೆ ದಮ್ಮು ಬರುತ್ತದೆ, ಕೂತಲ್ಲಿ ಹುಣ್ಣಾಗುವುದು ಕಡಿಮೆಯಾಗುತ್ತದೆ. ನಾಲ್ಕು ವರ್ಷ ಭಾರ ಹೊರದ ಮೂಳೆ ಟೊಳ್ಳಾಗಿರುತ್ತದೆ, ಅದಕ್ಕೇ ಕರೆಂಟಿಗೆ ಒಂದು ಮಿತಿ ಇಟ್ಟು ಬೀಗ ಹಾಕಿದ್ದೇನೆ, ಅದರ ತಂಟೆಗೆ ಹೋಗಬೇಡಿ ಎಂದರು. ಪರದೆಯ ಮೇಲೆ ಮೋಟಾರಿನ ಲೆಕ್ಕ ಬಿಟ್ಟು ಕಾಲುಗಳ ದುಡಿಮೆಯಷ್ಟೇ ವ್ಯಾಟಿನಲ್ಲಿ ಕಾಣುತ್ತಿತ್ತು. ಹನ್ನೆರಡು ವಾರದಲ್ಲಿ ಹತ್ತು ವ್ಯಾಟ್ ಮುಟ್ಟಿದವರಿಗೆ ಸೈಕಲ್ ಇನ್ನೂ ಮೂರು ತಿಂಗಳು ಉಳಿಯುತ್ತದೆ, ಮುಟ್ಟದಿದ್ದರೆ ಪಟ್ಟಿಯಲ್ಲಿರುವ ಮುಂದಿನವರ ಮನೆಗೆ ಹೋಗುತ್ತದೆ. ಕೇಂದ್ರದ ನಿಯಮ ಹಾಗಿತ್ತು.

ಅವನು ಎರಡು ವ್ಯಾಟಿನಿಂದ ಶುರುಮಾಡಿದ. ಎರಡು ವರ್ಷದಿಂದ ಒಣಗದಿದ್ದ ಬೆನ್ನ ಕೆಳಗಿನ ಹುಣ್ಣು ಐದನೇ ವಾರದಲ್ಲಿ ಒಣಗಿತು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಅಳತೆಪಟ್ಟಿ ಸದಾ ಅವಳ ಕೊರಳಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಗಂಡನ ತೊಡೆ ಅಳೆದು ಕತ್ತರಿಸುವ ಮೇಜಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದಳು. ಹದಿಮೂರೂವರೆ ಇಂಚು ಇದ್ದದ್ದು ಹದಿನಾಲ್ಕೂಕಾಲಿಗೆ ಬಂತು. ಮೇಡಂ ಏನೇ ಹೇಳಲಿ, ಅವಳ ಲೆಕ್ಕದಲ್ಲಿ ಬೆಳೆಯುವ ಕಾಲು ಒಂದಲ್ಲ ಒಂದು ದಿನ ನೆಲಕ್ಕೆ ಊರಲೇಬೇಕು. ಅವನು ಅದನ್ನು ನಂಬಿರಲಿಲ್ಲ. ಅವನಿಗೆ ಬೇಕಿದ್ದದ್ದು ಆ ಸೈಕಲ್. ದಿನಕ್ಕೆ ಮುಕ್ಕಾಲು ಗಂಟೆ ಅವನು ಕೆಲಸದಲ್ಲಿದ್ದ, ಬೆವರುತ್ತಿದ್ದ, ಹಸಿಯುತ್ತಿದ್ದ.

ಆದರೆ ಒಂಬತ್ತಕ್ಕೆ ಬಂದು ನಿಂತ ಕಾಲುಗಳು ಮುಂದೆ ಹೋಗಲಿಲ್ಲ. ಒಂಬತ್ತು ವ್ಯಾಟ್ ಎಂದರೆ ಎಷ್ಟು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಊರಿಗೆಲ್ಲ ಬೆಳಕು ಕೊಟ್ಟವನು ಈಗ ಬಚ್ಚಲುಮನೆಯ ಒಂದು ಬಲ್ಬಿಗೆ ಆಗುವಷ್ಟು ಕೊಡುತ್ತಿದ್ದೇನೆ ಎಂದುಕೊಂಡ. ಹನ್ನೊಂದನೇ ವಾರವೂ ಒಂಬತ್ತು.

ಆ ಶನಿವಾರ ಹೆಂಡತಿ ಹೊಲಿದ ಬಟ್ಟೆ ಕೊಡಲು ಹೋಗಿದ್ದಳು. ಮಿತಿಯ ಬೀಗ ತೆಗೆಯಲು ಯಾವ ಎರಡು ಗುಂಡಿ ಒತ್ತಿ ಹಿಡಿಯಬೇಕೆಂದು ಅವನು ಮೇಡಂ ಬೆರಳನ್ನು ನೋಡಿಯೇ ಕಲಿತಿದ್ದ. ಬಲ್ಬು ಮಂಕಾದರೆ ವೋಲ್ಟೇಜು ಸಾಲದು ಎಂದೇ ಅಲ್ಲವೆ ಅರ್ಥ? ಏರಿಸಿದರೆ ಇನ್ನೇನೇನಾಗುತ್ತದೆ ಎಂಬುದು ಫ್ಯೂಸ್ ಮಾಮನಿಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ! ಏರಿಸಿದ. ಒಂಬತ್ತೂವರೆ, ಹತ್ತು, ಹತ್ತು ಪಾಯಿಂಟ್ ಮೂರು. ಪರದೆ ನೋಡುತ್ತ ಅವನ ಕಣ್ಣು ತುಂಬಿತು. ಆಗ ಕೆಳಗೆಲ್ಲೋ ಟಕ್ ಎಂದಿತು.

ಕೂಡಲೇ ಆಫ್ ಮಾಡಿದ. ಪೆಡಲ್ಲಿನ ಬೋಲ್ಟು ಸಡಿಲಾಗಿರಬೇಕು, ಇಲ್ಲವೇ ಒಳಗಿನ ಹಲ್ಲುಚಕ್ರದ ಹಲ್ಲು ಹೋಗಿರಬೇಕು. ಇನ್ನೊಬ್ಬರ ಸೊತ್ತು ಕೆಡಿಸಿದೆನಲ್ಲ ಎಂದು ಜೀವ ಹಾರಿತು. ಕಾಲುಗಳನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟ. ಬಲಪಾದ ಹೊರಕ್ಕೆ ತಿರುಗಿಕೊಂಡಿತ್ತು, ಅದನ್ನೂ ತಾನೇ ನೆಟ್ಟಗೆ ಮಾಡಿದ. ಹಳೆಯ ಚೀಲದಿಂದ ಸ್ಪ್ಯಾನರ್ ತೆಗೆದು, ಮುಚ್ಚಳ ಬಿಚ್ಚಿ, ತನ್ನದೇ ತೊಡೆಯ ಮೇಲೆ ಎದೆಯೂರಿ ಬಗ್ಗಿ ಒಂದೊಂದೇ ಬೋಲ್ಟು ನೋಡಿದ. ಪೆಡಲನ್ನು ಕೈಯಲ್ಲಿ ತಿರುಗಿಸಿ ಕಿವಿಗೊಟ್ಟ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತಲ್ಲ, ಹಾಗೆ ಎರಡು ಗಂಟೆ ಹುಡುಕಿದ. ಎಲ್ಲೂ ತಪ್ಪು ಸಿಗಲಿಲ್ಲ. ಸಮಾಧಾನವಾಗಿ ಮುಚ್ಚಳ ಹಾಕಿದ.

ಭಾನುವಾರ ಹೆಂಡತಿ ಪಟ್ಟಿ ಸುತ್ತಿದಳು. ಎಡದ ತೊಡೆ ಹದಿನಾಲ್ಕೂಕಾಲು. ಬಲದ್ದು ಹದಿನಾರೂವರೆ. ಅವಳು ಎರಡು ಸಲ ಅಳೆಯದೆ ಬಟ್ಟೆಗೆ ಕತ್ತರಿ ಇಡುವವಳಲ್ಲ. ಮತ್ತೆ ಅಳೆದಳು, ಹದಿನಾರೂವರೆಯೇ.

"ರೀ, ಬಿಸಿ ಇದೆ ರೀ. ರಕ್ತ ಓಡ್ತಿದೆ. ಮುಟ್ಟಿ ನೋಡಿ."

ಮುಟ್ಟಿದ. ಅಂಗೈಗೆ ಬಿಸಿ ತಿಳಿಯಿತು, ತೊಡೆಗೆ ಅಂಗೈ ತಿಳಿಯಲಿಲ್ಲ. ನಂಬಬಾರದಿತ್ತು. ಪರೀಕ್ಷೆ ಮಾಡದೆ ತಂತಿ ಮುಟ್ಟಿದವನು ಎರಡನೇ ಸಲವೂ ಮುಟ್ಟಿದ, ನಂಬಿದ. ಎಡಗಾಲು ಬರೀ ಸೋಮಾರಿ, ನಿಮ್ಮ ಅಣ್ಣನ ಹಾಗೆ ಎಂದು ಅವಳು ಛೇಡಿಸಿದಳು. ಪಕ್ಕದ ಮನೆಯ ಅಕ್ಕನನ್ನು ಕರೆದು ತೋರಿಸಿ ಅತ್ತಳು. ನಾಲ್ಕು ವರ್ಷದಲ್ಲಿ ಆ ಮನೆ ಸಂತೋಷಪಟ್ಟದ್ದು ಅದೊಂದೇ ದಿನ.

ಸೋಮವಾರ ಮೇಡಂ ಬಂದಾಗ ಅವಳು ಬಾಗಿಲಲ್ಲೇ ಎರಡೂ ಸಂಖ್ಯೆ ಹೇಳಿದಳು. ಮೇಡಂ ಮಂಡಿಯೂರಿ ಕೂತು ತೊಡೆಯ ಮೇಲೆ ಕೈಯಿಟ್ಟರು. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ. ಆಮೇಲೆ ಸೈಕಲ್ಲಿನ ಪರದೆ ನೋಡಿ, ಮಿತಿ ಯಾರು ಬದಲಾಯಿಸಿದ್ದು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವನು ತನ್ನ ಹೆಬ್ಬೆರಳು ನೋಡಿಕೊಂಡ.

"ಏನಾದ್ರೂ ಸದ್ದು ಕೇಳಿಸ್ತಾ?"

"ಟಕ್ ಅಂತು, ಮೇಡಂ. ಮಿಷನ್‌ದು ಅಂದ್ಕೊಂಡೆ."

ಎಕ್ಸ್‌ರೇಯಲ್ಲಿ ತೊಡೆಮೂಳೆ ಮೊಣಕಾಲಿನ ಮೇಲೆ ಮುರಿದಿತ್ತು. ಸ್ಕ್ರೂ ಹಾಕಲು ಆ ಮೂಳೆಯಲ್ಲಿ ಹಿಡಿತವೇ ಇಲ್ಲ ಎಂದ ಡಾಕ್ಟರು ಪಟ್ಟಿ ಕಟ್ಟಿ ಮಲಗಿಸಿದರು. ಸೈಕಲ್ಲಿನ ಮಾತು ಇನ್ನು ಎತ್ತಲೇಬೇಡಿ ಎಂದರು. ಮಲಗಿದ ಮೂರನೇ ವಾರಕ್ಕೆ ಹುಣ್ಣು ಹಳೆಯ ಜಾಗದಲ್ಲೇ ಬಾಯಿ ತೆರೆಯಿತು. ಅವನು ಯಾರನ್ನೂ ದೂರಲಿಲ್ಲ, ಊಟ ಮಾತ್ರ ಕಡಿಮೆ ಮಾಡಿದ. ಹೆಂಡತಿ ಭಾನುವಾರಗಳಲ್ಲಿ ಅಳತೆಪಟ್ಟಿಯನ್ನು ಕೊರಳಿಂದ ತೆಗೆದು ಡ್ರಾಯರಿನಲ್ಲಿ ಇಟ್ಟುಬಿಡುತ್ತಿದ್ದಳು. ಇಷ್ಟು ವರ್ಷ ಅಳತೆ ಹಿಡಿದ ಕೈಗೆ ಮೈ ಯಾವುದು, ಬಾವು ಯಾವುದು ತಿಳಿಯಲಿಲ್ಲವಲ್ಲ ಎಂದು ಒಂದು ಸಲ ಹೇಳಿದಳು. ಮೇಜಿನ ಅಂಚಿನ ಸಂಖ್ಯೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದಳು. ಹದಿನಾರೂವರೆಯನ್ನು ಮೊದಲು ಒರೆಸಿದ್ದಳು.

ಸೈಕಲ್ ಒಯ್ಯಲು ಬಂದ ಕೇಂದ್ರದ ಟೆಕ್ನಿಷಿಯನ್, ಮುಂದಿನವರ ಮನೆಗೆ ಇಳಿಸುವ ಮೊದಲು ಗೊತ್ತಿರಲಿ ಎಂದು, ಮಿಷನ್ನಿನಲ್ಲಿ ಏನಾದರೂ ತೊಂದರೆ ಇತ್ತೇ ಎಂದು ಕೇಳಿದ. ಲೈನ್‌ಮನ್ ಮಲಗಿದಲ್ಲಿಂದಲೇ ಕತ್ತು ತಿರುಗಿಸಿದ.

"ಮಿಷನ್ನಲ್ಲಿ ಏನೂ ತೊಂದ್ರೆ ಇಲ್ಲಪ್ಪ. ಒಂದೊಂದು ಬೋಲ್ಟೂ ಬಿಚ್ಚಿ ಪರೀಕ್ಷೆ ಮಾಡಿದ್ದೀನಿ."