ಹೆಸರು ಹಾಕಿದ ಪಾತ್ರೆ ವಾಪಸ್ ಇಲ್ಲ

ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ನನ್ನ ಹಗಲೆಲ್ಲ ಕಳೆದದ್ದು ಗಾಂಧಿ ಬಜಾರಿನ ನಮ್ಮ ಪಾತ್ರೆ ಅಂಗಡಿಯಲ್ಲಿ. ಮಾವನವರು ಹೋದ ಮೇಲೆ ಗಲ್ಲಾ ಅತ್ತೆಯ ಕೈಗೆ ಬಂದಿತ್ತು. ನನ್ನ ಅಕ್ಷರ ದುಂಡಗಿದೆಯೆಂದು ಪಾತ್ರೆಗೆ ಹೆಸರು ಹಾಕುವ ಮಿಷನ್ ನನಗೆ ಬಂತು. ಬಿಲ್ಲಿನ ಹಿಂದುಗಡೆ ಅತ್ತೆ ಷರತ್ತುಗಳನ್ನು ಅಚ್ಚು ಹಾಕಿಸಿದ್ದರು. ಬಿಲ್ಲಿಲ್ಲದೆ ಬದಲಾಯಿಸುವುದಿಲ್ಲ, ಕುಕ್ಕರಿನ ಗ್ಯಾರಂಟಿ ಕಂಪನಿಯದು, ಹೆಸರು ಹಾಕಿದ ಪಾತ್ರೆ ವಾಪಸ್ ಇಲ್ಲ. ಈ ಕೊನೆಯದರಲ್ಲಿ ಅವರು ಸ್ವಂತ ತಂಗಿಗೂ ಬಗ್ಗಿದವರಲ್ಲ. “ಇನ್ನೊಬ್ರ ಹೆಸರಿರೋ ಚೊಂಬನ್ನ ನಾನು ಯಾರಿಗೆ ಮಾರ್ಲಿ?” ಎನ್ನುತ್ತಿದ್ದರು. ಅದು ನ್ಯಾಯವಾದ ಮಾತೇ.

ಭದ್ರಾವತಿಯಿಂದ ಒಬ್ಬರು ಮಗಳ ಮದುವೆಗೆ ಪಾತ್ರೆ ಕೊಳ್ಳಲು ಬಂದಿದ್ದರು. ಕಾರ್ಖಾನೆಯಿಂದ ನಿವೃತ್ತರಾದವರು, ಮಾತು ಕಡಿಮೆ. ಜೊತೆಗೆ ಬಂದಿದ್ದ ಮಗಳು ಭದ್ರಾವತಿಯಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ನಾನು ಮಿಷನ್ ಹಿಡಿದಾಗ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕುಳಿತಳು. ಹುಡುಗನ ಹೆಸರು ಹೇಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. “ಅವನ ಹೆಸರು ಮೊದ್ಲು ಹಾಕಿ ಅಕ್ಕಾ,” ಎಂದಳು. ಎರಡು ತಟ್ಟೆ ಮುಗಿಯುವಷ್ಟರಲ್ಲಿ, “ಬೇಡ, ಇನ್ಮೇಲೆ ನಂದೇ ಮೊದ್ಲು ಇರ್ಲಿ,” ಎಂದಳು.

ಸಾಮಾನು ಒಯ್ಯಲು ಆ ಹುಡುಗನೇ ಲಗೇಜ್ ಆಟೋ ತಂದ. ಬಿಲ್ಲು ತಿರುಗಿಸಿ ಓದಿ, “ನೋಡ್ಕೋ ಮಾರಾಯ್ತಿ, ಹೆಸರು ಹಾಕಿದ್ಮೇಲೆ ವಾಪಸ್ ಇಲ್ವಂತೆ,” ಎಂದ. ಅಪರೂಪಕ್ಕೆ ಅತ್ತೆಯೂ ನಕ್ಕರು.

ಮದುವೆಯ ವಾರದಲ್ಲೇ, ಧಾರೆಗೆ ಮೊದಲೇ, ಅವನು ತೀರಿಕೊಂಡ. ಬೈಕಿನಲ್ಲಿ ಹೋಗುತ್ತಿದ್ದವನಿಗೆ ಲಾರಿ ಗುದ್ದಿತ್ತು. ನಮಗೆ ಗೊತ್ತಾದದ್ದು ಬಹಳ ತಡವಾಗಿ, ಆ ತಂದೆ ಪಾತ್ರೆಗಳನ್ನು ಚೀಲದಲ್ಲಿ ತುಂಬಿಕೊಂಡು ಅಂಗಡಿಗೆ ಬಂದಾಗ. ಅವರು ಏನೂ ಹೇಳುವ ಮೊದಲೇ ಅತ್ತೆ, “ಹೆಸರು ಹಾಕಿದ್ದು ತಗೊಳಲ್ಲ ಯಜಮಾನ್ರೇ, ಹಿಂದ್ಗಡೆ ಬರೆದಿದೆ,” ಎಂದುಬಿಟ್ಟರು.

“ಗೊತ್ತಮ್ಮಾ. ದುಡ್ಡು ಬೇಡ,” ಎಂದರು ಅವರು. “ಹುಡುಗ ಹೋಗ್ಬಿಟ್ಟ. ಹೆಸರು ಅಳಿಸಿ ಕೊಡಿ, ಸಾಕು. ನನ್ ಮಗಳು ಒಂದೊಂದೇ ತಟ್ಟೆ ತೆಗ್ದು ನೋಡ್ಕೊಂಡು ಕೂತಿರ್ತಾಳೆ. ಊಟಕ್ಕೂ ಏಳಲ್ಲ.”

ಅತ್ತೆ ಚೀಲಗಳನ್ನು ಒಳಗಿಡುವಂತೆ ನನಗೆ ಸನ್ನೆ ಮಾಡಿ, “ಪಾಲಿಷ್ ಮಾಡಿಸಿಡ್ತೀನಿ, ಹೋಗ್ಬನ್ನಿ,” ಎಂದರು.

ಮರುದಿನ ಮಧ್ಯಾಹ್ನ ಮಗಳು ಒಬ್ಬಳೇ ಬಸ್ಸಿನಲ್ಲಿ ಬಂದಳು. ಸೊರಗಿ ಹೋಗಿದ್ದಳು, ನನಗೆ ಥಟ್ಟನೆ ಗುರುತು ಹತ್ತಲಿಲ್ಲ.

“ಅಕ್ಕಾ, ಅಳಿಸ್ಬಿಟ್ರಾ?”

ತಟ್ಟೆ, ಲೋಟ, ಕೊಡ ಎಲ್ಲ ಬೆಳಿಗ್ಗೆಯೇ ಪಾಲಿಷ್‌ನವನ ಬಳಿ ಹೋಗಿದ್ದವು. ಉಳಿದಿದ್ದದ್ದು ಸಣ್ಣಪುಟ್ಟ ಡಬ್ಬಿಗಳು ಮಾತ್ರ. ಅವನ್ನು ಮುಂದೆ ಇಟ್ಟೆ. ಅವಳು ನೆಲದ ಮೇಲೆ ಕುಳಿತುಬಿಟ್ಟಳು.

“ಲಗ್ನಪತ್ರಿಕೆ ಎಲ್ಲಾ ಅಪ್ಪ ಒಲೆಗೆ ಹಾಕ್ಬಿಟ್ರು. ಅವ್ನ ತಿಥಿಗೆ ಹೋದ್ರೆ ಅವ್ರಮ್ಮ ಗೇಟಿಂದ ಒಳಗೆ ಬಿಡ್ಲಿಲ್ಲ. ನಿನ್ನ ಕಾಲ್ಗುಣ ಅಂದ್ರು. ನಮ್ಮಿಬ್ರ ಹೆಸರು ಒಟ್ಟಿಗೆ ಇರೋದು ಇದ್ರ ಮೇಲೆ ಮಾತ್ರ ಅಕ್ಕಾ.”

ಅಪ್ಪನ ಸಂಕಟವೂ ಸುಳ್ಳಲ್ಲ, ಇವಳದೂ ಸುಳ್ಳಲ್ಲ. ಅತ್ತೆ ಗಲ್ಲಾ ಬಿಟ್ಟು ಎದ್ದು ಬಂದು ಅವಳ ಪಕ್ಕ ಕುಳಿತರು. ಮಂಡಿನೋವಿನ ಅತ್ತೆ ನೆಲಕ್ಕೆ ಕುಳಿತದ್ದನ್ನು ನಾನು ಅಂಗಡಿಯಲ್ಲಿ ಅದಕ್ಕೂ ಮೊದಲು ನೋಡಿರಲಿಲ್ಲ.

“ಎಲ್ಲಾ ಇಟ್ಕೊಂಡ್ರೆ ನೀನು ಬದುಕಲ್ಲ ಮಗಾ,” ಎಂದರು. “ಒಂದು ತಗೋ.”

ಅವಳು ಊಟದ ಡಬ್ಬಿಯೊಂದನ್ನು ಎತ್ತಿಕೊಂಡಳು. ಅದರ ಮೇಲೂ ಅವಳ ಹೆಸರೇ ಮೊದಲಿತ್ತು. “ಇದಾದ್ರೆ ಲ್ಯಾಬಲ್ಲೇ ಇಟ್ಕೋತೀನಿ,” ಎಂದಳು. ಅಂದು ಅತ್ತೆ ಅವಳಿಗೆ ಮೊಸರನ್ನ ಉಣ್ಣಿಸಿಯೇ ಕಳಿಸಿದರು.

ಪಾತ್ರೆ ಒಯ್ಯಲು ತಂದೆ ಬಂದ ದಿನ ಅತ್ತೆ ರ‍್ಯಾಕಿನಿಂದ ಹೊಸ ಡಬ್ಬಿ ತೆಗೆದು ಚೀಲಕ್ಕೆ ಸೇರಿಸಿದರು. “ಪಾಲಿಷ್‌ನಲ್ಲಿ ಒಂದು ನೆಗ್ಗಿಹೋಯ್ತು. ತಪ್ಪು ನಮ್ದೇ, ಇದನ್ನ ಇಟ್ಕೊಳಿ.” ಅವರು ಆ ಡಬ್ಬಿಯನ್ನು ತಿರುಗಿಸಿ ನೋಡಿದರು, ಅತ್ತೆಯ ಮುಖ ನೋಡಿದರು. “ಆಗ್ಲಮ್ಮಾ,” ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡರು. ಅವರಿಗೆ ಅರ್ಥವಾಗಿತ್ತೆಂದೇ ನನಗೆ ಇಂದಿಗೂ ಅನಿಸುತ್ತದೆ.

ಆಗಾಗ ಅವಳು ಫೋನ್ ಮಾಡುತ್ತಿದ್ದಳು. ಕೆಲವು ವರ್ಷಗಳ ಮೇಲೆ ತರೀಕೆರೆಯ ಕಡೆ ಸಂಬಂಧ ಗೊತ್ತಾಯಿತು. ಒಳ್ಳೆಯ ಮನುಷ್ಯ, ಎಲ್ಲವನ್ನೂ ತಿಳಿದೇ ಒಪ್ಪಿದ್ದ. ಮದುವೆಗೆ ಸ್ವಲ್ಪ ಮೊದಲು ಒಂದು ಸಂಜೆ ಫೋನ್ ಬಂತು.

“ಅಕ್ಕಾ, ಆ ಡಬ್ಬಿನ ಅವ್ನ ಅಮ್ಮಂಗೆ ಕೊಟ್ಟು ಬಂದೆ.”

“ಈ ಸಲ ಒಳಗೆ ಬಿಟ್ರಾ?”

“ಗೇಟ್ ಹತ್ರಾನೇ ತಗೊಂಡ್ರು. ಅವ್ರಿಗೆ ಓದೋಕೆ ಬರಲ್ಲ. ಬೆರಳಲ್ಲಿ ಸವರಿ, ಇದ್ರಲ್ಲಿ ನನ್ ಮಗಂದು ಯಾವ್ದು ಅಂತ ಕೇಳಿದ್ರು. ಅವ್ರ ಬೆರಳು ಹಿಡ್ಕೊಂಡು ತೋರಿಸ್ದೆ. ಆಮೇಲೆ ಕೈ ಬಿಡ್ಲೇ ಇಲ್ಲ. ಒಳಗೆ ಕರ್ಕೊಂಡು ಹೋಗಿ ಕಾಫಿ ಮಾಡಿದ್ರು. ಇಬ್ರೂ ಕುಡೀಲಿಲ್ಲ ಅಕ್ಕಾ, ಆರಿಹೋಯ್ತು.”

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅತ್ತೆ ಯಾರದು ಎಂದು ಕಣ್ಣಲ್ಲೇ ಕೇಳಿದರು. ಗಿರಾಕಿಗಳೆಲ್ಲ ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಅತ್ತೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸುತ್ತ, ಬೀದಿಯ ಕಡೆ ಮುಖ ತಿರುಗಿಸಿ ಕುಳಿತರು.